ಮೊದಲು ಹೊಳೆದದ್ದೆಲ್ಲ ಒಳದನಿಯೇ?

ಚಿತ್ರದುರ್ಗದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಎರಡು ದಿನದ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಕಣ್ಣು ಮುಚ್ಚಿದಾಗ ಮೊದಲು ಹೊಳೆದದ್ದೇ ಸತ್ಯ, ಸೂಫಿಗಳು ಕಶ್ಫ್ ಎಂದದ್ದು ಇದನ್ನೇ ಎಂದರು. ಹೊಳಲ್ಕೆರೆ ಹತ್ತಿರದ ಅಡಿಕೆ ತೋಟ ಮಾರಿಬಿಡು ಎಂದು ನನಗೆ ಹೊಳೆಯಿತು. ನಂಬಲೇ?"

ಶಿಬಿರದಿಂದ ಬಂದವರು ಸಾಮಾನ್ಯವಾಗಿ ಹೊಗಳಿ ಬರೆಯುತ್ತಾರೆ. ನೀವು ಕೇಳಿದ್ದೀರಿ, ಸಂತೋಷ. ಉಸಿರು ಗಮನಿಸುತ್ತ ಕೂತರೆ ಮನಸ್ಸು ತಿಳಿಯಾಗುತ್ತದೆ, ಒಪ್ಪಿದೆ. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಆಸ್ಪತ್ರೆಯ ರೋಗಿಗಳಿಗೆ ಧ್ಯಾನ ಕಲಿಸತೊಡಗಿದ್ದು ನೋವು, ಒತ್ತಡ ತಾಳಿಕೊಳ್ಳಲಿ ಎಂದು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಕಶ್ಫ್ ಎಂದರೆ ತೆರೆ ಸರಿಯುವುದು. ಆ ತೆರೆ ನಮ್ಮದೇ ನಫ್ಸ್, ನಮ್ಮ ಆಸೆಬುರುಕ 'ನಾನು'. ಮನಸ್ಸಿಗೆ ಬಂದ ಹೊಳಹು ದೇವರದೋ, ದೇವದೂತನದೋ, ನಫ್ಸಿನದೋ, ಸೈತಾನನದೋ ಎಂದು ಸೂಫಿಗಳು ಮೊದಲು ವಿಚಾರಿಸುತ್ತಿದ್ದರು. ಕುರಾನ್ ಮತ್ತು ಸುನ್ನತ್, ಅಂದರೆ ಪ್ರವಾದಿಯವರ ನಡೆನುಡಿ, ಎರಡೂ ಸಾಕ್ಷಿ ಹೇಳದೆ ಎದೆಗೆ ಬಂದದ್ದನ್ನು ಒಪ್ಪುವುದಿಲ್ಲ ಎಂಬುದು ಹಳೆಯ ಸೂಫಿ ಅಬು ಸುಲೈಮಾನ್ ದಾರಾನಿಯ ನಿಲುವು. ದೊಡ್ಡ ಧರ್ಮ ವಿದ್ವಾಂಸ ಇಮಾಮ್ ಗಜಾಲಿ 1095ರಲ್ಲಿ ಬಾಗ್ದಾದಿನ ದೊಡ್ಡ ಅಧ್ಯಾಪಕ ಪದವಿ ಬಿಟ್ಟರಲ್ಲ, ಅದಕ್ಕೆ ಮುಂಚೆ ಸುಮಾರು ಆರು ತಿಂಗಳು ಹೊಯ್ದಾಡಿದರು, ಪಾಠ ಹೇಳಲು ನಾಲಗೆಯೇ ಏಳದಾಯಿತು. ಅಮಲಿನ ಲಕ್ಷಣ ತಿಳಿಯುವುದೇ ಬೇರೆ, ಅಮಲೇರುವುದೇ ಬೇರೆ ಎಂದು ಅವರು ಬರೆದದ್ದು ಅಷ್ಟು ಬೆಂದ ಮೇಲೆ. ಎರಡು ದಿನದಲ್ಲಿ ಅಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಮುದುಕರೊಬ್ಬರು ಗುರುವಾರ ತಪ್ಪದೆ ದರ್ಗಾಕ್ಕೆ ಹೋಗುತ್ತಿದ್ದರು. ಕೆಲಸ ಬಿಟ್ಟು ಪತ್ರಿಕೆ ಮಾಡು ಎಂದು ಮನಸ್ಸು ಹೇಳ್ತಿದೆ ಚಾಚಾ ಅಂದೆ. ಮರಳಲ್ಲಿ ಅಕ್ಕಿ ಹುರಿಯುತ್ತಲೇ ಕೇಳಿದರು: "ಹೇಳ್ತಿರೋದು ದಿಲ್ಲೋ, ನಿನ್ನ ಹೆಸರಿನ ಆಸೆಯೋ? ನಲವತ್ತು ದಿನ ಸುಮ್ನಿರು ಬೇಟಾ. ಆಮೇಲೂ ಹೇಳಿದ್ರೆ ಬಾ." ಸೂಫಿಗಳ ಚಿಲ್ಲಾ, ಅಂದರೆ ಏಕಾಂತ ಸಾಧನೆ, ನಲವತ್ತು ದಿನದ್ದೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ನನ್ನ ಸಂಕಟ ಬೇರೆಯೂ ಇದೆ. ವಚನಕಾರರ ನಾಡಿನವರು ನಾವು. ಅನುಭವ ಬೇರೆ, ಅನುಭಾವ ಬೇರೆ ಎಂದು ಒಂದು ದೀರ್ಘದಲ್ಲಿ ಗೆರೆ ಎಳೆದಿಟ್ಟ ಭಾಷೆ ನಮ್ಮದು. ಈಗ ಎರಡಕ್ಕೂ 'ಫೀಲ್' ಅನ್ನುತ್ತೇವೆ. ಗುರು ಕೂತಿದ್ದ ಜಾಗದಲ್ಲಿ ಮೊಬೈಲ್ ಕೂತಿದೆ, ಬೈದು ತಿದ್ದುವವರಿಲ್ಲ. ನಿಮ್ಮಂಥ ಓದಿದವರೂ, ಕೋಪಿಸಿಕೊಳ್ಳಬೇಡಿ, ಮೂರನೆಯ ದಿನವೇ ತೋಟ ಮಾರಲು ಹೊರಡುತ್ತೀರಿ!

ಕರಾರು ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ. ಆ ಗಿಡಗಳಿಗೆ ನೀರು ಹಾಯಿಸಿದ ಮನೆಯವರನ್ನು ಕೇಳಿ. ನಲವತ್ತು ದಿನ ಕಳೆದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ