‘ಬಿಡಲಾಯಿತು’ ಅಂದರೆ ಬಿಟ್ಟವರು ಯಾರು?

ನಮಸ್ಕಾರ.

ಮನೆಯಲ್ಲಿಟ್ಟ ಉಪ್ಪುನೀರಿನ ಮೀನಿನ ತೊಟ್ಟಿಯ ಬಗ್ಗೆ ನೀವು ಕಳಿಸಿದ ಬರಹ ‘ನನ್ನ ಮನೆಯ ಕಡಲು’ ತಲುಪಿದೆ. ಬೆಳಿಗ್ಗೆ ಒಮ್ಮೆ ಓದಿ, ‘ಬೇಡ’ ಎಂಬ ಕಟ್ಟಿಗೆ ಸೇರಿಸಿದ್ದೆ. ರಾತ್ರಿ ಮತ್ತೆ ಹುಡುಕಿ ತೆಗೆದೆ. ಏಳನೆಯ ಪುಟದ ಮೂಲೆಯಲ್ಲಿ ನೀವು ಹಾಕಿರುವ ಸಣ್ಣ ಪಟ್ಟಿಯೊಂದು ದಿನವಿಡೀ ತಲೆ ತಿಂದಿತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಕಾಗುಣಿತದ ತಪ್ಪಿಲ್ಲ. ಉಪ್ಪುನೀರು ಬೆರೆಸುವ ಭಾಗ ಚೆನ್ನಾಗಿದೆ. ಬಕೆಟ್ಟಿನಲ್ಲಿ ಉಪ್ಪು ಕದಡಿ, ಸಾಂದ್ರತೆ 1.025ಕ್ಕೆ ಬರುವವರೆಗೆ ಮತ್ತೆ ಮತ್ತೆ ಅಳೆದು ನೋಡುವುದನ್ನು ಓದುತ್ತಿದ್ದಾಗ ನನ್ನ ಕೈಯೂ ಅಂಟಂಟಾದ ಹಾಗಿತ್ತು. ಸರಿ, ಅಷ್ಟಾಯಿತು.

ಈಗ ಮೂರನೆಯ ಪುಟ. ನಿಮ್ಮ ಹತ್ತು ಪುಟಗಳಲ್ಲಿ ನಿಜವಾಗಿ ಏನಾದರೂ ನಡೆದದ್ದು ಇಲ್ಲಿ ಮಾತ್ರ. ಅದಕ್ಕೆ ನೀವು ಕೊಟ್ಟಿರುವುದು ಐದು ವಾಕ್ಯ. ಒಂದೊಂದಾಗಿ ನೋಡೋಣ.

‘ಕೆಲವು ದಿನಗಳ ಬಳಿಕ ನೀರು ಸ್ಫಟಿಕದಂತೆ ತಿಳಿಯಾಗಲು, ಎರಡು ಕ್ಲೌನ್ ಮೀನುಗಳನ್ನು ತೊಟ್ಟಿಗೆ ಬಿಡಲಾಯಿತು.’

‘ಕೆಲವು ದಿನ’ ಅಂದರೆ ಎಷ್ಟು? ಬೇರೆ ಬರಹದಲ್ಲಾದರೆ ನಾನು ಇದನ್ನು ಕೇಳುತ್ತಿರಲಿಲ್ಲ. ಇಲ್ಲಿ ಇಡೀ ಕಥೆ ನಿಂತಿರುವುದೇ ಆ ಲೆಕ್ಕದ ಮೇಲೆ. ಹೊಸ ಉಪ್ಪುನೀರಿನ ತೊಟ್ಟಿ ಮೀನಿಗೆ ಸಿದ್ಧವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಲೈವ್ ರಾಕ್, ಅಂದರೆ ಜೀವಿಗಳು ಅಂಟಿಕೊಂಡಿರುವ ಕಡಲ ಕಲ್ಲು, ಅದರ ಮೇಲೆ ಸತ್ತ ಜೀವಿಗಳು ಕೊಳೆತು ಅಮೋನಿಯಾ ಏಳುತ್ತದೆ. ಅದನ್ನು ತಿಂದು ನೈಟ್ರೈಟ್ ಮಾಡುವ ಸೂಕ್ಷ್ಮಜೀವಿಗಳು ಮೊದಲು ಬೆಳೆಯಬೇಕು. ಆ ನೈಟ್ರೈಟನ್ನು ನೈಟ್ರೇಟ್ ಮಾಡುವವು ಅವುಗಳ ಹಿಂದೆ ಬರಬೇಕು. ತೊಟ್ಟಿ ಇಟ್ಟವರು ‘ಸೈಕಲ್’ ಅನ್ನುವುದು ಇದನ್ನೇ. ಕೊಳೆಸುವ ಮಾಮೂಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಎರಡರಷ್ಟಾದರೆ, ಇವಕ್ಕೆ ಅರ್ಧ ದಿನ, ಒಂದು ದಿನ ಬೇಕು. ಅವಸರ ಮಾಡಿಸೋಣ ಅಂದರೆ ಅವು ಮಾತು ಕೇಳುವ ಪೈಕಿ ಅಲ್ಲ. ‘ಕೆಲವು ದಿನ’ ಎಂದು ಬರೆದಾಗ ನೀವು ಮುಚ್ಚಿಟ್ಟದ್ದು ಈ ಲೆಕ್ಕವನ್ನು.

ಇನ್ನು ‘ಸ್ಫಟಿಕದಂತೆ ತಿಳಿ’. ಹೋಲಿಕೆ ಹಳೆಯದು, ಅದು ಹೋಗಲಿ ಬಿಡಿ. ಆದರೆ ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ಎಷ್ಟು ತಿಳಿಯಾಗಿದೆ ಎಂಬುದಕ್ಕೂ ಅದರೊಳಗೆ ಮೀನು ಬದುಕುತ್ತದೋ ಇಲ್ಲವೋ ಎಂಬುದಕ್ಕೂ ಸಂಬಂಧವಿಲ್ಲ. ನೀವು ಚಂದಕ್ಕೆ ಬರೆದ ಮಾತನ್ನು ಓದುಗ ಸೂಚನೆ ಅಂತ ತಿಳಿಯುತ್ತಾನೆ. ನೀರು ತಿಳಿಯಾದರೆ ಮೀನು ಬಿಡಬಹುದು ಎಂದುಕೊಂಡು ನಾಳೆ ಅವನೂ ಬಿಡುತ್ತಾನೆ.

ಈಗ ‘ಬಿಡಲಾಯಿತು’. ಈ ಒಂದು ಪದಕ್ಕಾಗಿಯೇ ನಾನು ಈ ಕಾಗದ ಬರೆಯಲು ಕೂತಿದ್ದು. ಯಾರು ಬಿಟ್ಟರು? ಮನೆ ನಿಮ್ಮದು, ತೊಟ್ಟಿ ನಿಮ್ಮದು, ಮೀನಿನ ಚೀಲ ಹಿಡಿದ ಕೈ ನಿಮ್ಮದು. ಉಪ್ಪು ಬೆರೆಸುವಾಗ ‘ಬೆರೆಸಿದೆ’ ಅಂದಿದ್ದೀರಿ. ಕಲ್ಲು ಜೋಡಿಸುವಾಗ ‘ಜೋಡಿಸಿದೆ’. ಲೈಟ್ ‘ಹಾಕಿದೆ’. ಮೀನು ಮಾತ್ರ ‘ಬಿಡಲಾಯಿತು’! ನಮ್ಮ ಮಾತಿನಲ್ಲಿ ಈ ‘-ಲಾಯಿತು’ ಇಲ್ಲ. ಬಂದವರಿಗೆ ಯಾರಾದರೂ ‘ಬಾಗಿಲು ತೆಗೆಯಲಾಯಿತು, ಒಳಗೆ ಬನ್ನಿ’ ಅನ್ನುತ್ತಾರಾ? ಇದು ನೋಟಿಸ್ ಬೋರ್ಡಿನ ಭಾಷೆ. ಮಾಡಿದವರ ಹೆಸರು ಹೇಳಲು ಇಷ್ಟವಿಲ್ಲದಾಗ ಕಚೇರಿಗಳು ಇದನ್ನು ಬಳಸುತ್ತವೆ. ನೀವೂ ಅದಕ್ಕೇ ಬಳಸಿದ್ದೀರಿ, ಅಲ್ವಾ?

ಎರಡನೆಯ ವಾಕ್ಯ: ‘ಮರುದಿನ ಅವು ನೀರಿನ ಮೇಲ್ಭಾಗಕ್ಕೆ ಬಂದು, ಪುಟ್ಟ ಬಾಯಿ ತೆರೆದು ಮುಚ್ಚಿ ನಮ್ಮೊಡನೆ ಮಾತಾಡುತ್ತಿರುವಂತಿತ್ತು.’

ಇಡೀ ಬರಹದಲ್ಲಿ ನನ್ನನ್ನು ತಟ್ಟಿದ್ದು ಇದೊಂದೇ ವಾಕ್ಯ. ಅದು ಯಾಕೆ ತಟ್ಟುತ್ತದೆ ಎಂಬುದು ನಿಮಗೇ ಗೊತ್ತಿಲ್ಲ ಅನ್ನಿಸುತ್ತದೆ. ಹೊಸ ತೊಟ್ಟಿಗೆ ಬಂದ ಕ್ಲೌನ್ ಮೀನು ಮೇಲೆ, ಮೂಲೆಯಲ್ಲಿ ಸುಳಿದಾಡುವುದುಂಟು. ನಿಮ್ಮ ಮೀನು ಮಾಡುತ್ತಿದ್ದುದು ಅದಲ್ಲ. ಏಳನೆಯ ಪುಟದ ನಿಮ್ಮ ಪಟ್ಟಿಯ ಪ್ರಕಾರ ಹಿಂದಿನ ದಿನವೇ ಅಮೋನಿಯಾ 2 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ 8.2 ಎಂದು ನೀವೇ ಬರೆದಿದ್ದೀರಿ. ನೀರು ಪರೀಕ್ಷಿಸುವ ಕಿಟ್‌ ತೋರಿಸುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ನಿಜಕ್ಕೂ ವಿಷವಾದ ಪಾಲು ಪಿಎಚ್ ಏರಿದಂತೆ ಏರುತ್ತದೆ. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ, 8.2ರ ಕಡಲ ನೀರಿನಲ್ಲಿ ಅದೇ ಅಂಕಿಗೆ ಆ ಪಾಲು ಹತ್ತು ಪಟ್ಟಿಗೂ ಜಾಸ್ತಿ. ಮೀನು ತನ್ನ ಮೈಯ ಅಮೋನಿಯಾವನ್ನು ಮುಖ್ಯವಾಗಿ ಕಿವಿರಿನ ಮೂಲಕವೇ ಹೊರಹಾಕುತ್ತದೆ. ಹೊರಗೇ ಅಷ್ಟು ತುಂಬಿದ್ದರೆ ಒಳಗಿನದು ಹೋಗುವುದೆಲ್ಲಿಗೆ? ಕಿವಿರು ಸುಡುತ್ತದೆ, ಉಸಿರು ಸಿಗುವುದಿಲ್ಲ, ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ.

ಅವು ಮಾತಾಡುತ್ತಿರಲಿಲ್ಲ. ನಿಮಗೆ ಹಾಗೆ ಕಂಡಿತು. ಎರಡನ್ನೂ ಬರೆಯಿರಿ. ‘ಮಾತಾಡುತ್ತಿವೆ ಅಂದುಕೊಂಡೆವು’ ಎಂದು ಬರೆದು, ಮುಂದಿನ ವಾಕ್ಯದಲ್ಲಿ ಏನಾಗುತ್ತಿತ್ತೆಂದು ಹೇಳಿ. ನಡುವೆ ಏನನ್ನೂ ಸೇರಿಸಬೇಡಿ.

ಮೂರನೆಯದು: ‘ಆದರೆ ವಿಧಿಯಾಟ ಬೇರೆಯೇ ಇತ್ತು.’ ಹೊಡೆದುಹಾಕಿದ್ದೇನೆ.

ನಾಲ್ಕನೆಯದು: ‘ಒಂದರ ಹಿಂದೊಂದರಂತೆ ಆ ಮುದ್ದು ಜೀವಗಳು ನಮ್ಮನ್ನಗಲಿದವು.’ ಸತ್ತವು ಅನ್ನಿ. ಎಂಟನೆಯ ದಿನ ಒಂದು, ಒಂಬತ್ತನೆಯ ದಿನ ಇನ್ನೊಂದು. ಇದೂ ಪಟ್ಟಿಯಲ್ಲಿದೆ. ‘ಅಗಲಿದವು’ ಅಂದರೆ ಅವೇ ಎದ್ದು ಹೊರಟ ಹಾಗೆ ಕೇಳಿಸುತ್ತದೆ.

ಐದನೆಯದು: ‘ತೊಟ್ಟಿಯ ಸೈಕಲ್ ಇನ್ನೂ ಪೂರ್ಣಗೊಂಡಿರಲಿಲ್ಲ ಎಂಬುದು ನಂತರವಷ್ಟೇ ತಿಳಿದುಬಂತು.’

ಇಲ್ಲಿ ನನಗೆ ಸಿಟ್ಟು ಬಂತು. ಪಟ್ಟಿ ತೆಗೆದು ನೋಡಿ. ದಿನ 3, ಅಮೋನಿಯಾ 0.5. ದಿನ 5, ಅಮೋನಿಯಾ 1. ದಿನ 6, ಅಮೋನಿಯಾ 2, ಪಕ್ಕದಲ್ಲಿ ನಿಮ್ಮದೇ ಅಕ್ಷರದಲ್ಲಿ ‘ಮೀನು ಬಂತು’. ನಂತರ ತಿಳಿದುಬಂದದ್ದಲ್ಲ ಇದು. ಆ ಬೆಳಿಗ್ಗೆ ಟೆಸ್ಟ್ ಮಾಡಿ, ಅಂಕಿ ಬರೆದು, ಸಂಜೆ ಮೀನು ಬಿಟ್ಟಿದ್ದೀರಿ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಬಿಟ್ಟಿರಿ? ನಿಮ್ಮ ಬರಹ ಅದು. ಅದನ್ನು ನೀವು ಬರೆದೇ ಇಲ್ಲ.

ಉಪದೇಶ ಮಾಡುತ್ತಿದ್ದೇನೆ ಅನ್ನಿಸಿದರೆ ನನ್ನ ಕಥೆಯನ್ನೂ ಕೇಳಿ. ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ಮನೆಯಲ್ಲಿ ಸಾಲ ಮಾಡಿ ಕೊಂಡ ಉಪ್ಪುನೀರಿನ ತೊಟ್ಟಿ. ‘ಡ್ಯಾಮ್ಸೆಲ್ ಗಟ್ಟಿ ಮೀನು, ಮೊದಲು ಮೂರು ಬಿಡಿ, ಅವೇ ತೊಟ್ಟಿ ಸೈಕಲ್ ಮಾಡಿಸುತ್ತವೆ’ ಎಂದು ಮಾರಿದವರು ಹೇಳಿದರು. ಆಗ ಎಲ್ಲರೂ ಹೀಗೇ ಮಾಡುತ್ತಿದ್ದರು. ಬಿಟ್ಟೆ. ಎರಡು ಸತ್ತವು. ಮೂರನೆಯದು ಬದುಕಿ, ತೊಟ್ಟಿ ಪೂರಾ ತನ್ನದೇ ಅಂದುಕೊಂಡುಬಿಟ್ಟಿತು. ಆಮೇಲೆ ತಂದ ಯಾವ ಮೀನನ್ನೂ ಬಾಳಗೊಡಲಿಲ್ಲ, ಎಲ್ಲದರ ರೆಕ್ಕೆ ಹರಿಯಿತು. ಕೊನೆಗೆ ಅದನ್ನು ಹಿಡಿಯಲು ಜೋಡಿಸಿದ್ದ ಕಲ್ಲನ್ನೆಲ್ಲ ಹೊರಗೆ ತೆಗೆಯಬೇಕಾಯಿತು.

ಇದನ್ನೇ ಆರು ಪುಟ ಬರೆದು ನಮ್ಮ ಸಂಪಾದಕರ ಮೇಜಿನ ಮೇಲಿಟ್ಟೆ. ನನ್ನ ಮೊದಲ ಬರಹ. ಮರುದಿನ ವಾಪಸ್ ಬಂತು. ಪುಟ ಪೂರ್ತಿ ಖಾಲಿ, ಒಂದೇ ಕಡೆ ಪೆನ್ಸಿಲ್ ಗುರುತು. ‘ಡ್ಯಾಮ್ಸೆಲ್‌ಗಳನ್ನು ಬಿಡಲಾಯಿತು’ ಎಂಬುದರ ಸುತ್ತ ಒಂದು ಸೊನ್ನೆ, ಅಂಚಿನಲ್ಲಿ ‘ಯಾರು?’ ಎಂಬ ಪ್ರಶ್ನೆ. ನಾನು ಒಳಗೆ ಹೋಗಿ, ಬರಹಕ್ಕೆ ಗಾಂಭೀರ್ಯ ಇರಲಿ ಅಂತ ಹಾಗೆ ಬರೆದೆ ಸಾರ್, ಅಂದೆ.

‘ತೊಟ್ಟಿ ಯಾರ ಮನೇಲಿತ್ತು?’

‘ನಮ್ಮನೇಲಿ.’

‘ಮತ್ತೆ?’ ಎಂದು ಕನ್ನಡಕದ ಮೇಲಿಂದ ನೋಡಿ, ಬೇರೆ ಕಾಗದ ಎತ್ತಿಕೊಂಡರು.

ಮೇಜಿಗೆ ಬಂದು ‘ನಾನು ಮೂರು ಡ್ಯಾಮ್ಸೆಲ್ ಬಿಟ್ಟೆ’ ಎಂದು ಬರೆದೆ. ಬರೆದ ಮೇಲೆ ಸುಮ್ನೆ ಇರಲು ಆಗಲಿಲ್ಲ. ‘ಬಿಟ್ಟೆ’ ಅಂದ ಕೂಡಲೇ ‘ಯಾಕೆ’ ಎಂಬುದು ಹಿಂದೆಯೇ ಬಂದು ನಿಂತಿತು. ಮಾರಿದವರು ಹೇಳಿದ್ದು ಬರೀ ನೆಪ. ನಿಜವೆಂದರೆ, ಮನೆಗೆ ಬಂದವರೆಲ್ಲ ‘ಮೀನೆಲ್ಲಿ?’ ಅನ್ನುತ್ತಿದ್ದರು. ಲೈಟ್ ಉರಿಯುತ್ತಿದೆ, ಪಂಪ್ ಗುರ್ ಅನ್ನುತ್ತಿದೆ, ಒಳಗೆ ಬರೀ ಕಲ್ಲು. ಅಷ್ಟು ಖರ್ಚು ಮಾಡಿ ಕಲ್ಲು ನೋಡುತ್ತಾ ಕೂತವನು ಎಂದು ನಗುತ್ತಾರೆಂಬ ಭಯಕ್ಕೆ ಎರಡು ಮೀನು ಸತ್ತವು. ಅದನ್ನು ಬರೆದೆ. ಆರು ಪುಟ ಎರಡು ಪುಟವಾಗಿ ಅಚ್ಚಾಯಿತು. ನಮ್ಮ ಸಂಪಾದಕರು ಚೆನ್ನಾಗಿದೆ ಅಂತ ಏನೂ ಹೇಳಲಿಲ್ಲ. ಆ ಪೆನ್ಸಿಲ್ ಗುರುತಿನ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ನಿಮ್ಮ ಕಾರಣ ಬೇರೆ ಇರಬಹುದು. ನನಗೆ ಅದು ಬೇಕು.

ಇನ್ನೊಂದು ತಕರಾರು, ಅದು ನಾಲ್ಕನೆಯ ಪುಟದ್ದು. ‘ಪ್ರಕೃತಿ ಮಾತೆಯ ವಿಸ್ಮಯಕಾರಿ ಚಕ್ರ’ ಎಂದು ಶುರುವಾಗಿ ಇಪ್ಪತ್ತೆರಡು ಸಾಲು ಹರಿದಿದೆ. ಎಣಿಸಿದ್ದೇನೆ. ಅಷ್ಟರಲ್ಲಿ ಒಂದು ಸೂಕ್ಷ್ಮಜೀವಿಯೂ ಕಣ್ಣಿಗೆ ಬೀಳುವುದಿಲ್ಲ. ವಿಸ್ಮಯ ಬೇಕಾದರೆ ಇಲ್ಲಿದೆ ನೋಡಿ: ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ತೊಟ್ಟಿಯೊಂದರ ಜಲ್ಲಿಯಿಂದ ವಿಜ್ಞಾನಿಗಳು ಅಮೋನಿಯಾ ತಿಂದು ಬದುಕುವ ಜೀವಿಯೊಂದನ್ನು ಬೇರ್ಪಡಿಸಿ, 2005ರಲ್ಲಿ ಪ್ರಕಟಿಸಿದರು. ಅದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಆರ್ಕಿಯಾ ಎಂಬ ಬೇರೆಯೇ ಬಳಗದ್ದು. ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂದು ಹೆಸರಿಟ್ಟರು. ಮೀನಿನ ತೊಟ್ಟಿಯ ಜಲ್ಲಿಯಲ್ಲಿ ಇಂಥದ್ದೊಂದು ಕೂತಿರುವಾಗ ಪ್ರಕೃತಿ ಮಾತೆಯನ್ನು ಕರೆಯುವ ಕಷ್ಟ ನಿಮಗೇಕೆ?

ಅದೇ ಪುಟದಲ್ಲಿ ‘ಸೈಕಲ್ ಕೆಡುತ್ತದೆಂದು ನೀರು ಬದಲಿಸದೆ, ದೇವರ ಮೇಲೆ ಭಾರ ಹಾಕಿ ಕಾದೆವು’ ಎಂದಿದೆ. ಕೆಡುವುದಿಲ್ಲ. ಆ ಜೀವಿಗಳು ಬಹುಪಾಲು ಅಂಟಿಕೊಂಡಿರುವುದು ಕಲ್ಲಿಗೆ, ಮರಳಿಗೆ. ಅರ್ಧ ನೀರು ಬದಲಿಸಿದ್ದರೆ ಅಮೋನಿಯಾ ಅರ್ಧಕ್ಕಿಳಿಯುತ್ತಿತ್ತು, ಮೀನಿಗೆ ಒಂದು ಉಸಿರು ಸಿಗುತ್ತಿತ್ತು. ನಿಮಗಾಗ ಇದು ತಿಳಿದಿರಲಿಲ್ಲ ಅಂದರೆ ನಂಬುತ್ತೇನೆ. ಹಾಗೇ ಬರೆಯಿರಿ. ‘ನೈಟ್ರೈಟ್ ಎಂಬ ಮಹಾವಿಷವೇ ಕೊಂದಿತು’ ಎಂಬ ಮಾತು ಮಾತ್ರ ತೆಗೆಯಿರಿ. ಅದು ಸಿಹಿನೀರಿನ ಮೀನು ಸಾಕುವವರ ಮಾತು. ಕಡಲ ನೀರಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ, ಹಾಗಾಗಿ ಇಲ್ಲಿ ಅದರ ಕಾಟ ಬಹಳ ಕಡಿಮೆ. ನಿಮ್ಮ ಮೀನುಗಳನ್ನು ಕೊಂದದ್ದು ಅಮೋನಿಯಾ.

ಐದರಿಂದ ಹತ್ತನೆಯ ಪುಟದವರೆಗೆ ನಾನೇನೂ ಹೇಳುವುದಿಲ್ಲ. ಮೀನಿಲ್ಲದೆ, ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಎರಡನೆಯ ಸಲ ಸೈಕಲ್ ಮಾಡಿದ್ದು, 2 ಪಿಪಿಎಂ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದದ್ದು, ಎಲ್ಲ ಇರಲಿ. ಮೂರನೆಯ ಪುಟ ಸರಿಯಾದರೆ ಅವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಬೇಡ ಎಂದು ನಿಮಗೇ ಕಾಣುತ್ತದೆ. ನಾಲ್ಕು ಪುಟ ಸಾಕು. ಪಟ್ಟಿಯನ್ನು ಮೂಲೆಯಿಂದ ತೆಗೆದು ಮೊದಲ ಪುಟಕ್ಕೆ ತನ್ನಿ. ‘ಮೀನು ಬಂತು’ ಎಂಬುದನ್ನು ತಿದ್ದಬೇಡಿ, ಹಾಗೇ ಇರಲಿ.

ಒಂದು ವಿಷಯ ಮರೆತೆ. ಆರನೆಯ ದಿನವೇ ಮೀನಿನ ಜೊತೆ ಒಂದು ಹರ್ಮಿಟ್ ಏಡಿಯನ್ನೂ ಬಿಟ್ಟಿರೆಂದು ಪಟ್ಟಿ ಹೇಳುತ್ತದೆ. ಒಂಬತ್ತನೆಯ ದಿನದ ಎದುರಿಗೆ ‘ಏಡಿ ಕಲ್ಲಿನ ಹಿಂದೆ’ ಎಂದಿದೆ. ಅಲ್ಲಿಂದ ಮುಂದೆ ಎಲ್ಲೂ ಅದರ ಸುದ್ದಿಯಿಲ್ಲ. ಅದು ಏನಾಯಿತು?

ಇಂತಿ,
ಸಂಪಾದಕ