ಕತ್ತು ಬಿಗಿದಷ್ಟೂ ಹಿಡಿತ ಬಿಗಿಯುತ್ತದೆ

ಮಾನ್ಯ ಓದುಗರೇ,

ರಕ್ಷಣಾ ನಾಯಿಗಳ ಕ್ರೀಡೆಗೆ ನಾಯಿಯನ್ನು ಹೊಡೆಯದೆ, ಬಹುಮಾನ ಕೊಟ್ಟು ಕಲಿಸಿ ಎಂದು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ದಾವಣಗೆರೆ ಕಡೆಯಿಂದ ನೀವು ಬರೆದ ದೀರ್ಘ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮಲ್ಲಿ ಹದಿನಾಲ್ಕು ತಿಂಗಳ ಜರ್ಮನ್ ಶೆಫರ್ಡ್ ಗಂಡುನಾಯಿ ಇದೆ. ಕಚ್ಚುವ ಅಭ್ಯಾಸಕ್ಕೆಂದು ಒಬ್ಬ ತರಬೇತುದಾರರ ಬಳಿ ಕರೆದೊಯ್ಯುತ್ತಿದ್ದೀರಿ. ಕಚ್ಚಲೆಂದು ಸಹಾಯಕ ತೊಡುವ ದಪ್ಪ ತೋಳುಗವಸನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಬಿಡು ಎಂದರೆ ಬಿಡುವುದಿಲ್ಲ. ಒಳಮುಖ ಮುಳ್ಳುಗಳ ಕತ್ತುಪಟ್ಟಿ ಹಾಕಿ ಜಗ್ಗಿದ್ದಾಯಿತು, ಮುಂಗಾಲು ನೆಲ ಬಿಡುವಂತೆ ಸರಪಳಿಯಲ್ಲಿ ಎತ್ತಿ ಹಿಡಿದದ್ದೂ ಆಯಿತು. ಕೊನೆಗೆ ಅದು ತಿರುಗಿ ನಿಮ್ಮ ಮಣಿಕಟ್ಟಿಗೇ ಬಾಯಿ ಹಾಕಿದೆ. ‘ಪೆಟ್ಟು ಸಾಲದು, ಇನ್ನು ಶಾಕ್ ಕೊಡುವ ಪಟ್ಟಿಯೇ ಗತಿ, ಜರ್ಮನಿಯಲ್ಲಿ ಎಲ್ಲರೂ ಹೀಗೆಯೇ ಮಾಡುವುದು’ ಎಂದು ತರಬೇತುದಾರರು ಹೇಳುತ್ತಿದ್ದಾರೆ. ನಮ್ಮ ಲೇಖನದ ಮೇಲೆ ನಿಮ್ಮ ಆಕ್ಷೇಪವೂ ಖಾರವಾಗಿದೆ: ಕೈಕುಲುಕುವ ಮನೆನಾಯಿಗೆ ಬಿಸ್ಕತ್ತು ಸಾಕು, ಕಚ್ಚುವ ನಾಯಿಗೆ ದಂಡ ಬೇಕು. ಬಾರುಕೋಲಿಲ್ಲದೆ ಎತ್ತು ಉಳುತ್ತದೆಯೇ?

ಬಾರುಕೋಲಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಸೀಮೆಯಲ್ಲೇ ಒಳ್ಳೆಯ ಬೇಸಾಯಗಾರರನ್ನು ಗಮನಿಸಿ ನೋಡಿ. ಅವರ ಕೈಯಲ್ಲಿ ಬಾರುಕೋಲು ಇರುತ್ತದೆ, ಆದರೆ ಸಾಲಿನ ಕೊನೆಯಲ್ಲಿ ಎತ್ತು ತಿರುಗುವುದು ಅವರ ದನಿಗೆ. ಗಳಿಗೆಗೊಮ್ಮೆ ಬಾರಿಸುವವನ ಎತ್ತು ಹೆದರಿ ಅಡ್ಡಾದಿಡ್ಡಿ ಎಳೆಯುತ್ತದೆ, ಸಾಲು ಸೊಟ್ಟಗಾಗುತ್ತದೆ. ಊರಿನವರು ಅಂಥವನನ್ನು ಗಟ್ಟಿ ಆರಂಭಗಾರ ಎಂದು ಹೊಗಳುವುದಿಲ್ಲ, ದನ ಪಳಗಿಸಲು ಬಾರದವನು ಎನ್ನುತ್ತಾರೆ.

ಇನ್ನು ಜರ್ಮನಿಯ ಮಾತು. ಈ ಕ್ರೀಡೆ ಹುಟ್ಟಿದ್ದು ಅಲ್ಲೇ, ಆದ್ದರಿಂದ ಅಲ್ಲಿ ಏನು ನಡೆಯುತ್ತದೆ ಎಂಬುದು ಮುಖ್ಯ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಜರ್ಮನ್ ಶೆಫರ್ಡ್ ನಾಯಿಗಳ ಸಂಘವನ್ನು ಕಟ್ಟಿದರು. ಯಾವ ನಾಯಿಯಿಂದ ಮರಿ ತೆಗೆಯಬೇಕು ಎಂಬುದನ್ನು ಅಂದಚೆಂದವಲ್ಲ, ಕೆಲಸದ ಯೋಗ್ಯತೆ ನಿರ್ಧರಿಸಬೇಕು ಎಂಬುದು ಅವರ ಹಟ. ಷುಟ್ಸ್‌ಹುಂಡ್, ಅಂದರೆ ‘ರಕ್ಷಣಾ ನಾಯಿ’, ಪರೀಕ್ಷೆ ಬೆಳೆದದ್ದು ಆ ಹಟದಿಂದ. ಮುಂದೆ ಅದು ಐಪಿಒ ಆಯಿತು, 2019ರಿಂದ ಐಜಿಪಿ ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ನಿಯಮಗಳಡಿ ನಡೆಯುತ್ತಿದೆ. ವಾಸನೆ ಹಿಡಿದು ಜಾಡು ತೆಗೆಯುವುದು, ವಿಧೇಯತೆ, ರಕ್ಷಣೆ ಎಂಬ ಮೂರು ಭಾಗಗಳಿಗೂ ತಲಾ 100 ಅಂಕ. ಕಚ್ಚುವುದು ಮೂರರಲ್ಲಿ ಒಂದು ಭಾಗ ಮಾತ್ರ. ಅದರಲ್ಲೂ ಬಿಡುವುದಕ್ಕೆ ಕಚ್ಚುವುದಕ್ಕಿಂತ ಕಡಿಮೆ ಬೆಲೆಯಿಲ್ಲ. ಮೊದಲ ಆಜ್ಞೆಗೆ ಬಿಡದಿದ್ದರೆ ಅಂಕ ಹೋಗುತ್ತದೆ. ಹೆಚ್ಚುವರಿಯಾಗಿ ಎರಡು ಸಲ ಹೇಳಲು ಅವಕಾಶವಿದೆ, ಆಗಲೂ ಬಿಡದ ನಾಯಿ ಸ್ಪರ್ಧೆಯಿಂದಲೇ ಹೊರಗೆ.

ಕಠೋರ ವಿಧಾನಕ್ಕೂ ಅಲ್ಲಿ ಹಳೆಯ ಪರಂಪರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದ ಕಾನ್ರಾಡ್ ಮೋಸ್ಟ್ 1910ರಲ್ಲಿ ಹೊರತಂದ ತರಬೇತಿ ಕೈಪಿಡಿ ಹಲವು ತಲೆಮಾರುಗಳನ್ನು ರೂಪಿಸಿತು. ನಾಯಿಯ ವರ್ತನೆಯನ್ನು ಅದರ ಫಲವೇ ತಿದ್ದುತ್ತದೆ ಎಂಬುದನ್ನು ಅಷ್ಟು ಮೊದಲೇ ಸ್ಪಷ್ಟವಾಗಿ ಕಂಡವರು ಅವರು. ಮುಳ್ಳುಪಟ್ಟಿ, ಬೆತ್ತ, ಬಲವಂತ ಇವೆಲ್ಲವೂ ಅವರ ಪದ್ಧತಿಯಲ್ಲಿದ್ದವು. ನಮ್ಮಲ್ಲಿ ಇಂದು ‘ಜರ್ಮನ್ ವಿಧಾನ’ ಎಂದು ಮಾರಾಟವಾಗುತ್ತಿರುವುದರಲ್ಲಿ ಬಹುಪಾಲು ನೂರು ವರ್ಷ ಹಿಂದಿನ ಆ ಜರ್ಮನಿಯದು.

ಇಂದಿನ ಜರ್ಮನಿ ಬೇರೆ. ನೋವುಂಟುಮಾಡಬಲ್ಲ ವಿದ್ಯುತ್ ಪಟ್ಟಿಯ ಬಳಕೆ ಪ್ರಾಣಿರಕ್ಷಣಾ ಕಾಯ್ದೆಯಡಿ ನಿಷಿದ್ಧ ಎಂದು ಅಲ್ಲಿನ ಫೆಡರಲ್ ಆಡಳಿತ ನ್ಯಾಯಾಲಯ 2006ರಲ್ಲಿ ತೀರ್ಪು ಕೊಟ್ಟಿದೆ. ನಾನು ಕಡಿಮೆ ಮಟ್ಟದಲ್ಲಿ ಇಟ್ಟಿದ್ದೆ ಎಂಬ ಸಮಜಾಯಿಷಿಗೂ ಆ ತೀರ್ಪು ಜಾಗ ಬಿಟ್ಟಿಲ್ಲ. 2022ರ ಜನವರಿ 1ರಿಂದ ತರಬೇತಿಯಲ್ಲಿ ಮುಳ್ಳುಪಟ್ಟಿಯನ್ನಾಗಲಿ, ನೋವು ಕೊಡುವ ಇನ್ನಾವುದೇ ಸಾಧನವನ್ನಾಗಲಿ ಬಳಸುವುದನ್ನು ನಾಯಿ ಸಾಕಣೆಯ ನಿಯಮಾವಳಿಯೇ ನಿಷೇಧಿಸಿದೆ. ನಿಮ್ಮ ನಾಯಿಯ ಕತ್ತಿಗೆ ಈಗಾಗಲೇ ಬಿದ್ದಿರುವ ಪಟ್ಟಿ, ಇನ್ನು ಮುಂದೆ ಬೀಳಲಿರುವ ಪಟ್ಟಿ, ಎರಡೂ ಅಲ್ಲಿ ನಿಷಿದ್ಧ. ಕದ್ದು ಬಳಸುವವರು ಅಲ್ಲಿಯೂ ಇರಬಹುದು. ಆದರೆ ‘ಎಲ್ಲರೂ ಮಾಡುತ್ತಾರೆ’ ಎಂದು ಕಲಿಸಿಕೊಡುವಾಗ ‘ಕಾನೂನು ಬೇಡವೆಂದಿದೆ’ ಎಂಬುದನ್ನೂ ನಿಮ್ಮ ತರಬೇತುದಾರರು ಹೇಳಬೇಕಿತ್ತು.

ಕಾನೂನನ್ನು ಪಕ್ಕಕ್ಕಿಟ್ಟು ನಾಯಿಯ ಬಾಯಿಯನ್ನೇ ನೋಡೋಣ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ.

ಕಚ್ಚುವ ಅಭ್ಯಾಸ ನಡೆಯುವ ಮೈದಾನದಲ್ಲಿ ಒಂದು ದೃಶ್ಯವನ್ನು ನೀವು ಕಂಡೇ ಇರುತ್ತೀರಿ. ಎಳೆಯ ನಾಯಿಯ ಹಿಡಿತ ಸಡಿಲವಾಗಿದೆ ಎನಿಸಿದರೆ, ಅದು ಸೆಣಬಿನ ಗವಸನ್ನು ಕಚ್ಚಿದ ಕೂಡಲೇ ಹಿಂದಿನಿಂದ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ನಾಯಿ ತಕ್ಷಣ ದವಡೆಯನ್ನು ಇನ್ನೂ ಒಳಕ್ಕೆ ತಳ್ಳಿ, ಹಿಂಗಾಲು ಊರಿ, ಮೈಯೆಲ್ಲ ಬಿಗಿ ಮಾಡಿ ಹಿಡಿಯುತ್ತದೆ. ಸಿಕ್ಕಿದ ಬೇಟೆಯನ್ನು ಯಾರೋ ಕಸಿಯುತ್ತಿದ್ದಾರೆ ಎಂದರೆ ಬೇಟೆಯಾಡುವ ಯಾವ ಪ್ರಾಣಿ ತಾನೇ ಬಾಯಿ ತೆರೆದೀತು? ಹಿಡಿತ ಗಟ್ಟಿ ಮಾಡಲು ಅನೇಕ ತರಬೇತುದಾರರು ಬೇಕೆಂದೇ ಬಳಸುವ ಉಪಾಯವಿದು. ಈಗ ಯೋಚಿಸಿ: ಹಿಡಿತ ಬಿಗಿಯಾಗಲೆಂದು ಕತ್ತನ್ನು ಹಿಂದಕ್ಕೆ ಎಳೆಯುವವರೇ ಹತ್ತು ನಿಮಿಷದ ನಂತರ ಹಿಡಿತ ಬಿಡಲೆಂದು ಅದೇ ಕತ್ತನ್ನು ಅದೇ ದಿಕ್ಕಿಗೆ, ಈ ಸಲ ಮುಳ್ಳು ಸೇರಿಸಿ ಎಳೆಯುತ್ತಾರೆ. ನಾಯಿಗೆ ಇದರಿಂದ ಏನು ತಿಳಿಯಬೇಕು? ನೋವು ಹೆಚ್ಚಿದಂತೆ ಹೋರಾಟವೂ ಹೆಚ್ಚಿತು ಎಂದಷ್ಟೇ ಅದಕ್ಕೆ ಗೊತ್ತಾಗುತ್ತದೆ. ಮೇಲಕ್ಕೆ ಎತ್ತಿ ಹಿಡಿದಾಗ ಕೊನೆಗೂ ಬಾಯಿ ಬಿಟ್ಟಿತು ಎಂದು ಬರೆದಿದ್ದೀರಿ. ಉಸಿರು ಸಿಗದೆ ಬಾಯಿ ತೆರೆದದ್ದು ಅದು, ಕಲಿತದ್ದಲ್ಲ. ಕಲಿತಿದ್ದರೆ ಮರುವಾರ ಮತ್ತೆ ಎತ್ತಬೇಕಾಗಿ ಬರುತ್ತಿರಲಿಲ್ಲ.

ಮಣಿಕಟ್ಟಿನ ಗಾಯದ ಲೆಕ್ಕವೂ ಇಲ್ಲೇ ಸಿಗುತ್ತದೆ. ಅದು ನಿಮ್ಮನ್ನು ‘ಪರೀಕ್ಷಿಸಿತು’ ಎಂದು ತರಬೇತುದಾರರು ಹೇಳಿದರಂತೆ. ನನಗೆ ಹಾಗೆ ಕಾಣುವುದಿಲ್ಲ. ಉದ್ರೇಕದ ತುತ್ತತುದಿಯಲ್ಲಿದ್ದ ನಾಯಿಗೆ ಕತ್ತಿನಲ್ಲಿ ನೋವಾಯಿತು, ನೋವು ಬಂದ ದಿಕ್ಕಿಗೆ ಅದು ತಿರುಗಿತು, ಅಲ್ಲಿ ನಿಮ್ಮ ಕೈ ಇತ್ತು. ಗವಸು ಬಾಯಲ್ಲಿರುವಾಗ ಒಡೆಯ ಹತ್ತಿರ ಬಂದರೆ ಕೆಡುಕು ಎಂದು ವಾರಗಟ್ಟಲೆ ಅದಕ್ಕೆ ಪಾಠ ಹೇಳಿದ ಮೇಲೆ ಬೇರೆ ಏನನ್ನು ನಿರೀಕ್ಷಿಸುವುದು? ಶಾಕ್ ಪಟ್ಟಿ ಇದೇ ಪಾಠವನ್ನು ದೂರದಿಂದ ಕಲಿಸುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಕಾವಲು ಕೆಲಸದ ತರಬೇತಿಯಲ್ಲಿದ್ದ ಜರ್ಮನ್ ಶೆಫರ್ಡ್ ನಾಯಿಗಳದ್ದೇ. ಶಾಕ್ ತಿಂದ ನಾಯಿಗಳು ತರಬೇತಿ ಮೈದಾನದಲ್ಲಿ ಮಾತ್ರವಲ್ಲ, ಪಾರ್ಕಿನಲ್ಲಿ ಸುಮ್ಮನೆ ಒಡೆಯನ ಜೊತೆ ನಡೆಯುವಾಗಲೂ ಕಿವಿ ಇಳಿಬಿಟ್ಟು ಒತ್ತಡದ ಲಕ್ಷಣ ತೋರಿಸುತ್ತಿದ್ದವು. ಒಡೆಯನ ಇರವೇ ಅವುಗಳಿಗೆ ಅಪಾಯದ ಸೂಚನೆಯಾಗಿತ್ತು.

ಹಾಗಾದರೆ ಬಿಡುವುದನ್ನು ಕಲಿಸುವುದು ಹೇಗೆ? ಗವಸಿನಿಂದ ದೂರ, ನಾಯಿ ಶಾಂತವಾಗಿರುವ ಜಾಗದಿಂದ ಶುರು ಮಾಡಬೇಕು. ಒಂದೇ ತೆರನಾದ ಎರಡು ಸೆಣಬಿನ ಸುರುಳಿಗಳನ್ನು ಇಟ್ಟುಕೊಳ್ಳಿ. ಒಂದರಲ್ಲಿ ಜಗ್ಗಾಟ ಆಡಿಸಿ. ನಂತರ ಆ ಸುರುಳಿಯನ್ನು ನಿಮ್ಮ ಮೊಣಕಾಲಿಗೆ ಒತ್ತಿ ಹಿಡಿದು ಸ್ತಬ್ಧವಾಗಿ ನಿಲ್ಲಿ. ಎಳೆಯಬೇಡಿ, ಬೈಯಬೇಡಿ, ಮಾತನ್ನೇ ಆಡಬೇಡಿ. ನಾಯಿ ಗುರುಗುಟ್ಟುತ್ತದೆ, ಕೊಡವಲು ನೋಡುತ್ತದೆ, ಒಂದೆರಡು ಸಲ ಹಲ್ಲು ಸರಿಸಿ ಹಿಡಿತ ಬದಲಿಸುತ್ತದೆ. ಸತ್ತ ವಸ್ತುವಿನ ಜೊತೆ ಆಟವಿಲ್ಲ ಎಂದು ಗೊತ್ತಾದ ಗಳಿಗೆಯಲ್ಲಿ ದವಡೆ ಸಡಿಲವಾಗುತ್ತದೆ. ಆ ಗಳಿಗೆಗೇ ಎರಡನೆಯ ಸುರುಳಿಗೆ ಜೀವ ಬರಬೇಕು: ‘ಭೇಷ್’ ಎಂದು ಕೂಗಿ ಅದನ್ನು ನೆಲದ ಮೇಲೆ ಓಡಿಸಿ, ಕಚ್ಚಲು ಬಿಡಿ. ಕೆಲವು ದಿನಗಳಲ್ಲಿ ನೀವು ಸ್ತಬ್ಧವಾದ ಕೂಡಲೇ ಅದು ಬಾಯಿ ತೆರೆದು ನಿಮ್ಮ ಮುಖ ನೋಡತೊಡಗುತ್ತದೆ. ಆಜ್ಞೆಯ ಮಾತನ್ನು ಸೇರಿಸುವುದು ಆಮೇಲೆ, ಅದಕ್ಕೂ ಮೊದಲಲ್ಲ. ಬಿಟ್ಟರೆ ಕಳೆದುಕೊಳ್ಳುತ್ತೇನೆ ಎಂದುಕೊಂಡಿದ್ದ ನಾಯಿಗೆ ಬಿಟ್ಟರೇ ಮತ್ತೆ ಸಿಗುವುದು ಎಂದು ಮನವರಿಕೆಯಾಗುವ ಘಟ್ಟವಿದು. ಕಚ್ಚುವುದೇ ಈ ನಾಯಿಗಳಿಗೆ ಎಲ್ಲಕ್ಕಿಂತ ದೊಡ್ಡ ಬಹುಮಾನ. ಬಿಸ್ಕತ್ತಿನ ಮಾತು ನಮ್ಮ ಲೇಖನದಲ್ಲಿ ಇದ್ದದ್ದು ಮರಿಗಳಿಗೆ ಕೂರುವುದನ್ನು ಕಲಿಸುವ ಸಂದರ್ಭದಲ್ಲಿ. ರಕ್ಷಣಾ ಕೆಲಸದಲ್ಲಿ ನಾಯಿ ದುಡಿಯುವುದು ಮತ್ತೊಂದು ಹಿಡಿತಕ್ಕಾಗಿ.

ಇದನ್ನೇ ಆಮೇಲೆ ಗವಸು ತೊಟ್ಟ ಸಹಾಯಕನ ಮುಂದಕ್ಕೆ ಒಯ್ಯುವುದು. ಅವನು ಕಲ್ಲಿನಂತೆ ನಿಲ್ಲಬೇಕು, ನಾಯಿ ಬಿಟ್ಟು ಕುಳಿತು ಬೊಗಳಿದಾಗ ಮತ್ತೆ ಕಚ್ಚಲು ಕೊಡಬೇಕು, ಆಗಾಗ ಗವಸನ್ನೇ ಜಾರಿಸಿ ನಾಯಿ ಗೆದ್ದುಕೊಂಡು ಹೋಗಲು ಬಿಡಬೇಕು. ಆಜ್ಞೆಯಿಲ್ಲದೆ ಮತ್ತೆ ನುಗ್ಗದಂತೆ ಎದೆಪಟ್ಟಿಗೆ ಉದ್ದ ಹಗ್ಗ ಕಟ್ಟಿರಬೇಕು. ತಡೆಯುವುದಕ್ಕಷ್ಟೇ ಆ ಹಗ್ಗ. ಇಲ್ಲಿ ಶಿಸ್ತು ಇಲ್ಲವೆಂದು ಭಾವಿಸಬೇಡಿ. ಬಿಡದಿದ್ದರೆ ಆಟವೇ ನಿಲ್ಲುತ್ತದೆ, ಅದು ನಾಯಿಗೆ ಸಣ್ಣ ನಷ್ಟವಲ್ಲ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ ಮತ್ತು ಕೆಲಸ ಬಲ್ಲ ಸಹಾಯಕ ಬೇಕು. ಕಠೋರ ವಿಧಾನ ಇಷ್ಟು ಹಬ್ಬಿರುವುದಕ್ಕೆ ಕಾರಣ ಅದರ ಫಲವಲ್ಲ, ಈ ಎರಡರ ಅಭಾವ ಎಂಬುದು ನನ್ನ ಗಟ್ಟಿಯಾದ ಅನಿಸಿಕೆ.

ನಿಮ್ಮ ಕಡೆಯ ವಾದಕ್ಕೆ ಇರುವ ಬಲವಾದ ಆಧಾರಗಳನ್ನೂ ಹೇಳಲೇಬೇಕು. ಜರ್ಮನಿಯ ಹೊಸ ನಿಯಮ ಜಾರಿಗೆ ಬಂದಾಗ ಬರ್ಲಿನ್ ಪೊಲೀಸರು ತಮ್ಮ ರಕ್ಷಣಾ ನಾಯಿಗಳನ್ನು ಕೆಲಕಾಲ ಕರ್ತವ್ಯದಿಂದ ಹಿಂದೆಗೆದುಕೊಂಡದ್ದು ಅಲ್ಲಿ ದೊಡ್ಡ ಸುದ್ದಿಯಾಯಿತು. ಹಾಗೆಯೇ ಕರ್ತವ್ಯದಲ್ಲಿದ್ದ ಪ್ರೌಢ ಪೊಲೀಸ್ ನಾಯಿಗಳ ಮೇಲೆ ಜರ್ಮನಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ, ನೋವಿಲ್ಲದ ‘ಇನ್ನು ಸಾಕು’ ಸಂಕೇತ (ಬಹುಮಾನ ಇನ್ನಿಲ್ಲ ಎಂಬ ಸೂಚನೆ) ಫಲ ಕೊಟ್ಟದ್ದು ಬೆರಳೆಣಿಕೆಯ ನಾಯಿಗಳಲ್ಲಿ ಮಾತ್ರ. ಕಠೋರ ಪಕ್ಷದವರು ಇದನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ, ತೋರಿಸಲಿ. ಆದರೆ ಅದೇ ಅಧ್ಯಯನದಲ್ಲಿ ವರ್ತನೆಯಲ್ಲಿ ಹೆಚ್ಚು ಸಂಕಟ ಕಾಣಿಸಿದ್ದು ಶಾಕ್ ಪಟ್ಟಿಗಿಂತಲೂ ಚುಚ್ಚುವ ಪಟ್ಟಿಯಿಂದ, ಅಂದರೆ ನಿಮ್ಮ ನಾಯಿಗೆ ಈಗಾಗಲೇ ಹಾಕಿರುವ ಬಗೆಯದರಿಂದ. ವರ್ಷಗಟ್ಟಲೆ ಬೇರೆ ರೀತಿ ಪಳಗಿದ ನಾಯಿಗೆ ಕಚ್ಚುವ ಉದ್ರೇಕದ ನಡುವೆ ಹೊಸ ಸಂಕೇತ ನಾಟದಿದ್ದರೆ ಅದರಿಂದ ನನಗೆ ತಿಳಿಯುವುದು ಇಷ್ಟು: ಬಿಡುವುದನ್ನು ಕಚ್ಚುವುದಕ್ಕಿಂತ ಮೊದಲೇ, ಎಳವೆಯಲ್ಲೇ ಕಲಿಸಬೇಕು. ಬೆಲ್ಜಿಯಂ ಸೇನೆಯ ನಾಯಿಗಳ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಶಿಕ್ಷೆ ಪಡೆದ ನಾಯಿಗಳ ಸಾಧನೆಯೇ ಕಡಿಮೆ ಇತ್ತು. ಶಿಕ್ಷೆಯಿಂದ ಸಾಧನೆ ಕುಸಿಯಿತೋ, ಸಾಧನೆ ಕಡಿಮೆಯೆಂದು ಶಿಕ್ಷೆ ಹೆಚ್ಚಿತೋ ಎಂಬುದನ್ನು ಅಂಥ ಅಧ್ಯಯನ ಬಿಡಿಸಿ ಹೇಳಲಾರದು. ಆದರೆ ಹೊಡೆದರೆ ಗೆಲ್ಲುತ್ತದೆ ಎನ್ನುವವರಿಗೆ ಅದರಲ್ಲಿ ಆಸರೆ ಸಿಗುವುದಿಲ್ಲ.

ಸ್ಪರ್ಧೆಯ ಕಣ್ಣಿನಿಂದ ನೋಡಿದರೂ ಲೆಕ್ಕ ತಾಳೆಯಾಗುವುದಿಲ್ಲ. ಐಜಿಪಿ ಮೈದಾನಕ್ಕೆ ಮುಳ್ಳುಪಟ್ಟಿಗೂ ಶಾಕ್ ಪಟ್ಟಿಗೂ ಪ್ರವೇಶವಿಲ್ಲ. ನಾಯಿ ಆ ವ್ಯತ್ಯಾಸವನ್ನು ಬಹುಬೇಗ ಹಿಡಿಯುತ್ತದೆ: ಭಾರದ ಪಟ್ಟಿ ಕತ್ತಿನಲ್ಲಿದ್ದರೆ ಬಿಡಬೇಕು, ಇಲ್ಲದಿದ್ದರೆ ಬೇಕಿಲ್ಲ. ಅದೂ ಅಲ್ಲದೆ ವಿಧೇಯತೆಯ ಭಾಗದಲ್ಲಿ ತೀರ್ಪುಗಾರರು ನೋಡುವುದು ನಾಯಿಯ ಉತ್ಸಾಹ ಮತ್ತು ಆತ್ಮವಿಶ್ವಾಸವನ್ನು. ಬಾಲ ಮುದುರಿ ನಡೆಯುವ ನಾಯಿಗೆ ಒಳ್ಳೆಯ ಅಂಕ ಬರುವುದಿಲ್ಲ.

ನಮ್ಮ ದೇಶದ ಕಾನೂನಿನ ಬಗ್ಗೆಯೂ ಕೇಳಿದ್ದೀರಿ. ಪ್ರಾಣಿಗಳನ್ನು ಹೊಡೆದು ಅನವಶ್ಯಕ ನೋವು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಮುಳ್ಳುಪಟ್ಟಿಯ ಬೆಲೆಗಿಂತ ಅದನ್ನು ಬಳಸಿದ ದಂಡ ಕಡಿಮೆ ಇರುವ ನಾಡಿನಲ್ಲಿ ನಾಯಿಯ ಕಾವಲು ಒಡೆಯನ ವಿವೇಕದ್ದೇ. ಅರವತ್ತು ವರ್ಷಕ್ಕೂ ಹಿಂದಿನ ಈ ಮೊತ್ತವನ್ನು ಸಂಸತ್ತು ಇನ್ನೂ ತಿದ್ದದಿರುವುದು ನಾಚಿಕೆಗೇಡು.

ಈಗ ನಿಮ್ಮ ನೇರ ಪ್ರಶ್ನೆಗೆ: ಅದೇ ತರಬೇತುದಾರರ ಬಳಿ ಮುಂದುವರಿಯಬೇಕೇ? ಬೇಡ. ಶಾಕ್ ಪಟ್ಟಿಗೆ ಮುಂಗಡ ಕೊಟ್ಟಿದ್ದರೆ ಹೋಗಲಿ ಬಿಡಿ. ಮೊದಲು ಪಶುವೈದ್ಯರಿಗೆ ತೋರಿಸಿ. ಜರ್ಮನ್ ಶೆಫರ್ಡ್‌ನ ದಟ್ಟ ಕೂದಲಿನ ಅಡಿಯಲ್ಲಿ ಮುಳ್ಳು ಚುಚ್ಚಿದ ಗಾಯಗಳು ಕಣ್ಣಿಗೆ ಬೀಳುವುದಿಲ್ಲ, ಕೂದಲನ್ನು ಬಿಡಿಸಿ ಕತ್ತಿನ ಸುತ್ತ ಬೆರಳಾಡಿಸಿ ನೋಡಬೇಕು. ಸರಪಳಿಯಲ್ಲಿ ತೂಗಿದ ನಾಯಿಯ ಶ್ವಾಸನಾಳವನ್ನೂ ಕತ್ತಿನ ಮೂಳೆಗಳನ್ನೂ ಪರೀಕ್ಷಿಸಲು ಹೇಳಿ. ಕೆಲವು ವಾರ ಕಚ್ಚುವ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ. ಊಟದ ಬಟ್ಟಲಿನ ಹತ್ತಿರ, ಆಟಿಕೆಯ ಹತ್ತಿರ ನೀವು ಹೋದಾಗ ಅದು ಮೈ ಬಿಗಿ ಮಾಡುತ್ತದೆಯೇ ಗಮನಿಸಿ. ಮಾಡಿದರೆ ಬಲವಂತವಾಗಿ ಕಸಿಯಬೇಡಿ, ದೂರದಿಂದಲೇ ಇನ್ನೂ ರುಚಿಯಾದದ್ದನ್ನು ಎಸೆದು ಹಿಂದೆ ಸರಿಯಿರಿ. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಬರೆದಿದ್ದೀರಿ, ಈ ಬಿಗಿತ ಹೋಗುವವರೆಗೆ ನಾಯಿಯನ್ನೂ ಅವರನ್ನೂ ಒಟ್ಟಿಗೆ ಬಿಡಬೇಡಿ. ಆಮೇಲೆ ಜಾಡು ತೆಗೆಯುವುದನ್ನು ಕಲಿಸಿ. ಹುಲ್ಲುಗಾವಲಿನಲ್ಲಿ ಹೆಜ್ಜೆ ಹೆಜ್ಜೆಗೂ ತಿನಿಸಿನ ಚೂರು ಇಟ್ಟು ನಡೆಸಿದರೆ ಸಾಕು, ಉದ್ರೇಕವಿಲ್ಲದ ಕೆಲಸ, ಪರೀಕ್ಷೆಯಲ್ಲಿ ಅದಕ್ಕೂ ಅಷ್ಟೇ ಅಂಕ.

ಹೊಸ ತರಬೇತುದಾರರನ್ನು ಹುಡುಕುವಾಗ ಮೊದಲ ದಿನ ನಾಯಿಯನ್ನು ಕರೆದೊಯ್ಯದೆ ಒಬ್ಬರೇ ಹೋಗಿ ನೋಡಿ. ಅವರ ಸ್ವಂತ ನಾಯಿ ಸಾದಾ ಪಟ್ಟಿಯಲ್ಲಿ, ಹಗ್ಗವಿಲ್ಲದೆ, ಒಂದೇ ಮಾತಿಗೆ ಗವಸು ಬಿಡುವುದನ್ನು ತೋರಿಸಲು ಕೇಳಿ. ಬಿಟ್ಟ ಮೇಲೆ ಅದು ಅವರ ಹತ್ತಿರ ಸರಿಯುತ್ತದೆಯೋ, ಅವರ ಕೈ ಕಂಡು ತಲೆ ತಗ್ಗಿಸುತ್ತದೆಯೋ ನೋಡಿಕೊಂಡು ನಿರ್ಧರಿಸಿ. ತೋರಿಸಲು ಒಪ್ಪದಿದ್ದರೆ ಹಾಗೆಯೇ ವಾಪಸ್ಸು ಬನ್ನಿ.

ವಿಶ್ವಾಸದಿಂದ,
ಸಂಪಾದಕ