ಓಬವ್ವನಿಗೆ ಟಿ.ವಿ. ಕಣ್ಣು ಯಾಕೆ?

ಪ್ರಶ್ನೆ: ನಮ್ಮ ಏಳನೇ ತರಗತಿ ಮಕ್ಕಳು ಒನಕೆ ಓಬವ್ವನ ಮೇಲೆ ಒಂದು ನಿಮಿಷದ ಅನಿಮೇಷನ್ ಮಾಡಲು ಹೊರಟಿದ್ದಾರೆ. ಯಾರು ಬರೆದರೂ ಅದೇ ದೊಡ್ಡ ಕಣ್ಣು, ಅದೇ ಸಣ್ಣ ನಡು. ಬೇರೆ ಥರ ಬರೆದವರನ್ನು ಉಳಿದವರು ಗೇಲಿ ಮಾಡುತ್ತಾರೆ. ಏನು ಮಾಡಲಿ?
— ಶಿಕ್ಷಕಿ, ಚಿತ್ರದುರ್ಗ

ಉತ್ತರ: ಮೊದಲು, ಕೈ ಎತ್ತಿಸಿ ಚಿತ್ರ ಆರಿಸುವುದನ್ನು ನಿಲ್ಲಿಸಿ. ಬಹುಮತಕ್ಕೆ ಬಿಟ್ಟರೆ ಗೆಲ್ಲುವುದು ಎಲ್ಲರೂ ಟಿ.ವಿ.ಯಲ್ಲಿ ನೋಡಿದ ಮುಖವೇ. ಮುಖದಿಂದ ಶುರು ಮಾಡಿಸಲೂ ಬೇಡಿ. ಕೋಟೆಯ ಕಿಂಡಿಗೆ ಕರೆದೊಯ್ಯಿರಿ. ಅಲ್ಲಿ ನುಸುಳುವವನ ಮೈ ಹೇಗೆ ಬಾಗುತ್ತದೆ, ಒನಕೆ ಎತ್ತಿದವಳ ಭಾರ ಯಾವ ಕಾಲಿನ ಮೇಲಿರುತ್ತದೆ ಎಂದು ಮಕ್ಕಳೇ ನಟಿಸಿ ನೋಡಲಿ. ಆಮೇಲೆ ಆ ಭಂಗಿಯನ್ನು ಕಣ್ಣು ಮೂಗಿಲ್ಲದೆ, ಕಪ್ಪು ಕಾಗದದಲ್ಲಿ ಬರೀ ಆಕಾರವಾಗಿ ಕತ್ತರಿಸಲಿ. ಯಾರದೂ ಹೆಸರು ಬರೆಯದೆ ಗೋಡೆಗೆ ಅಂಟಿಸಿ, ಹತ್ತು ಅಡಿ ದೂರದಿಂದ ನೋಡಿ. ಏನು ಮಾಡುತ್ತಿದ್ದಾಳೆ ಎಂದು ತಿಳಿದರೆ ಪಾಸು. ಕೈ ಮೈಗೆ ಅಂಟಿಕೊಂಡಿದ್ದರೆ ಒನಕೆಯೇ ಕಾಣುವುದಿಲ್ಲ.

ದೃಶ್ಯಕ್ಕೊಂದು ಗುಂಪು ಮಾಡಿ. ಸೀರೆಯ ಬಣ್ಣ, ತುರುಬು, ಮೈಯಳತೆಗೆ ಒನಕೆಯ ಉದ್ದ, ಈ ಮೂರು ಮಾತ್ರ ಎಲ್ಲರಿಗೂ ಒಂದೇ ಇರಲಿ. ನೋಡುವವರು ಇವಳೇ ಓಬವ್ವ ಎಂದು ಗುರುತು ಹಿಡಿಯಲು ಅಷ್ಟು ಸಾಕು. ಉಳಿದದ್ದು ಗುಂಪಿನ ಇಷ್ಟ. ದೊಡ್ಡ ಸ್ಟುಡಿಯೊಗಳು ಮಾಡೆಲ್ ಶೀಟ್, ಅಂದರೆ ಪಾತ್ರದ ಆಕಾರ ಅಳತೆಗಳ ಮಾದರಿ ಹಾಳೆ, ಹಿಡಿದು ಮೂಗಿನ ಅಳತೆಯನ್ನೂ ಕಟ್ಟಿಹಾಕುವುದು ನೂರಾರು ಕೈ ಒಂದೇ ಪಾತ್ರ ಬರೆಯಬೇಕಾದ್ದರಿಂದ. ನಿಮಗೆ ಆ ಉಸಾಬರಿ ಇಲ್ಲ.

ಇನ್ನು ಆ ಆಕಾರವನ್ನೇ ಕೈಕಾಲು ಆಡುವ ಕಾಗದದ ಗೊಂಬೆ ಮಾಡಿ, ಸ್ವಲ್ಪ ಸ್ವಲ್ಪವೇ ಸರಿಸುತ್ತ ಫೋಟೊ ತೆಗೆದು ಜೋಡಿಸಿ. ಗೊಂಬೆಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಒಳ್ಳೆಯದು. ಭುಜ, ಮೊಣಕೈ, ಸೊಂಟ, ಮೊಣಕಾಲಿನ ತುದಿಗಳನ್ನು ದುಂಡಗೆ ಕತ್ತರಿಸಿ, 1 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಇಟ್ಟು ದಾರದಿಂದ ಗಂಟು ಹಾಕಿ. ಗಂಟು ಸಡಿಲವಾದರೆ ಕೈ ಜಾರುತ್ತದೆ.

ಫ್ರೇಮ್ ಅಂದರೆ ಪರದೆಯ ಮೇಲೆ ಬರುವ ಒಂದೊಂದು ಚಿತ್ರ. ಸೆಕೆಂಡಿಗೆ 12 ಫ್ರೇಮ್ ಎಂದರೆ ನಿಮಿಷಕ್ಕೆ 720. ಹೆದರಬೇಡಿ, ಅಲ್ಲಾಡದ ಭಂಗಿಗೆ ಒಂದೇ ಫೋಟೊವನ್ನು ಬೇಕಾದಷ್ಟು ಸಲ ಬಳಸಬಹುದು. ಒನಕೆ ಏಳಲು 8 ಫ್ರೇಮ್, ಬೀಳಲು 2, ಬಿದ್ದ ಮೇಲೆ 6 ಫ್ರೇಮ್ ನಿಶ್ಚಲ. ಏಳುವುದಕ್ಕೂ ಬೀಳುವುದಕ್ಕೂ ಐದೈದು ಕೊಟ್ಟರೆ ಏಟಿಗೆ ತೂಕವೇ ಬರುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಫೋಟೊ ಜೋಡಿಸಿದರೆ ಚಿತ್ರ ಮಿಣುಕುತ್ತದೆ, ಯಾಕೆ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಪ್ರತಿ ಫೋಟೊಗೂ ಫೋನು ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಎಕ್ಸ್‌ಪೋಷರ್ (ಫೋನು ಒಳಗೆ ಬಿಡುವ ಬೆಳಕಿನ ಪ್ರಮಾಣ), ಫೋಕಸ್ ಎರಡನ್ನೂ ಲಾಕ್ ಮಾಡಿ, ಕಿಟಕಿ ಮುಚ್ಚಿ, ಎರಡೂ ಬದಿಯಿಂದ ಬಲ್ಬ್ ಹಾಕಿ. ಬಿಳಿ ಅಂಗಿ ತೊಟ್ಟು ಹತ್ತಿರ ಕೂರಬೇಡಿ. ನೀವು ಅಲ್ಲಾಡಿದಾಗಲೆಲ್ಲ ಅದರ ಬೆಳಕು ಕಾಗದದ ಮೇಲೆ ಬೀಳುತ್ತದೆ.